ಬೀದಿ ತುಂಬ ಟರ್ಕಿ ಇದ್ದರೂ ಬೇಟೆಗೆ ಮಿತಿ ಯಾಕೆ?

ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಬೀದಿಯಲ್ಲಿ ಕಾಡು ಟರ್ಕಿ ಕೋಳಿಗಳ ಹಿಂಡೇ ಇದೆ. ರಸ್ತೆಗೆ ಅಡ್ಡ ನಿಲ್ಲುತ್ತವೆ, ಕಾರು ಕುಕ್ಕುತ್ತವೆ, ಮಕ್ಕಳು ಹೆದರುತ್ತಾರೆ. ಇಷ್ಟೊಂದು ಇರುವಾಗ ಬೇಟೆಗಾರನಿಗೆ ಇಷ್ಟೇ ಹಕ್ಕಿ ಅಂತ ಮಿತಿ ಯಾಕೆ?”

ನಮಸ್ಕಾರ. ಮಕ್ಕಳು ಹೆದರುವುದು ಸಣ್ಣ ವಿಷಯವಲ್ಲ. ಆದರೆ ಮಿತಿ ಸಡಿಲಿಸಿದರೆ ನಿಮ್ಮ ಬೀದಿಯ ಟರ್ಕಿ ಕಡಿಮೆಯಾಗುವುದಿಲ್ಲ. ನಿಮ್ಮ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನ ವಾಸವಿರುವ ಮನೆಯಿಂದ 500 ಅಡಿಯೊಳಗೆ, ಒಪ್ಪಿಗೆ ಇಲ್ಲದೆ, ಬಂದೂಕಿನಿಂದ ಬೇಟೆಯಾಡುವಂತಿಲ್ಲ. ಹಾಗಾಗಿ ಗುಂಡು ಬೀಳುವುದು ಕಾಡಿನ ಹಕ್ಕಿಗೆ. ನಿಮ್ಮ ಕಾರು ಕುಕ್ಕುವ ಹಕ್ಕಿಗೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ನಿಮ್ಮ ರಾಜ್ಯದ ಕೊನೆಯ ಕಾಡು ಟರ್ಕಿಯನ್ನು ಕೊಂದದ್ದು 1851ರಲ್ಲಿ. ಕಾಡು ಕಡಿದು ಹೊಲ ಮಾಡಿದರು, ಲೆಕ್ಕವಿಲ್ಲದೆ ಬೇಟೆಯಾಡಿದರು. ಮುಂದೆ ಸಾಕಿದ ಟರ್ಕಿಗಳನ್ನು ತಂದು ಬಿಟ್ಟರೂ ಅವು ನೆಲೆ ನಿಲ್ಲಲಿಲ್ಲ. ಕೊನೆಗೆ 1972-73ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಡಿನಿಂದ 37 ಹಕ್ಕಿ ಹಿಡಿದು ತಂದು ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. ಈಗ ರಾಜ್ಯದಲ್ಲಿ 30,000ಕ್ಕೂ ಜಾಸ್ತಿ ಇವೆ! 1980ರಿಂದ ಅಲ್ಲಿ ಮತ್ತೆ ಬೇಟೆ ನಡೆಯುತ್ತಿದೆ, ಆದರೂ ಸಂಖ್ಯೆ ಏರಿತು. ಬೇಟೆಗೆ ಅಳತೆ ಇದ್ದದ್ದರಿಂದಲೇ ಅದು ಸಾಧ್ಯವಾಯಿತು ಅಂತ ನಾನು ನಂಬುತ್ತೇನೆ.

ಈ ಅಳತೆಯ ಹಿಂದೆ ಹಕ್ಕಿಯ ಬದುಕಿನ ಲೆಕ್ಕವಿದೆ. ವಸಂತದಲ್ಲಿ ಎದೆಯ ಮೇಲೆ ಗಡ್ಡದಂಥ ಕುಚ್ಚು ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಅವು ಹೆಚ್ಚಾಗಿ ಹುಂಜಗಳೇ. ಒಂದು ಹುಂಜ ಹಲವು ಹೇಟೆಗಳ ಜೊತೆ ಕೂಡುತ್ತದೆ, ಹಾಗಾಗಿ ಕೆಲವು ಹುಂಜ ಹೋದರೂ ಸಂತತಿ ನಿಲ್ಲುವುದಿಲ್ಲ. ಹೇಟೆ ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಸುಮಾರು 28 ದಿನ ಕಾವು ಕೂರುತ್ತದೆ. ನರಿ, ರಕೂನ್, ಮಳೆ, ಚಳಿ ಎಲ್ಲ ದಾಟಿ ಉಳಿಯುವ ಮರಿ ಕಡಿಮೆ. ಅಂಥ ಹೇಟೆಯನ್ನೇ ಹೊಡೆದರೆ ಮುಂದಿನ ವರ್ಷಕ್ಕೇನು ಉಳಿಯುತ್ತದೆ?

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈಗ ಇದೇ ಚಿಂತೆ. ಮರಿಗಳು ಬದುಕುವುದು ಕಡಿಮೆಯಾಗಿದೆ. 2022ರಲ್ಲಿ ಜಾರ್ಜಿಯಾ ಒಬ್ಬ ಬೇಟೆಗಾರನ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಬೇಟೆಯ ಕಾಲವನ್ನೂ ತಡವಾಗಿ ಶುರುಮಾಡಿತು. ಹುಂಜಗಳಿಗೆ ಕೂಡಲು ಸಮಯ ಸಿಗಲಿ ಅಂತ. ಒಂದು ಕಾಲಕ್ಕೆ ಅಲ್ಲೂ ಟರ್ಕಿ ಬೇಕಾದಷ್ಟಿತ್ತು.

ನಿಮ್ಮ ಬೀದಿಗೆ ಮದ್ದು ಬೇರೆ. ಯಾರೂ ಕಾಳು ಹಾಕಬಾರದು. ಗುಬ್ಬಿಗೆ ಅಂತ ಹಾಕಿದ್ದು ಕೆಳಗೆ ಚೆಲ್ಲಿದರೂ ಟರ್ಕಿ ಬರುತ್ತದೆ. ಕಾರಿನಲ್ಲಿ ಕಾಣುವ ತನ್ನ ಪ್ರತಿಬಿಂಬವನ್ನು ಎದುರಾಳಿ ಅಂದುಕೊಂಡು ಹುಂಜ ಕುಕ್ಕುತ್ತದೆ, ಕಾರಿಗೆ ಬಟ್ಟೆ ಹೊದಿಸಿ. ಎದುರು ಬಂದರೆ ಓಡಬೇಡಿ, ಪೊರಕೆ ಬೀಸಿ ಅಥವಾ ಪೈಪಿನಿಂದ ನೀರು ಹಾರಿಸಿ ಅಟ್ಟಿ. ಮೊದಲು, ಅಕ್ಕಪಕ್ಕದಲ್ಲಿ ಯಾರು ಕಾಳು ಹಾಕುತ್ತಿದ್ದಾರೆ ಅಂತ ವಿಚಾರಿಸಿ ನೋಡಿ.

– ಸಂ.