ಸ್ಪೂಲಿಂಗ್ ತೆಗೆದು ನೇರವಾಗಿ ಪ್ರಿಂಟ್ ಕೊಟ್ಟರೆ ಕಚೇರಿಯ ಕೆಲಸ ಬೇಗ ಆಗುತ್ತದೆಯೇ?

ಆಗುವುದಿಲ್ಲ. ಸ್ಪೂಲಿಂಗ್ ಎಂದರೆ ಮುದ್ರಣಕ್ಕೆ ಕೊಟ್ಟದ್ದನ್ನು ಕಂಪ್ಯೂಟರ್ ಮೊದಲು ಡಿಸ್ಕಿನಲ್ಲಿ ಸಾಲಾಗಿ (ಕ್ಯೂನಲ್ಲಿ) ಇಟ್ಟುಕೊಂಡು ಪ್ರಿಂಟರಿಗೆ ಒಂದೊಂದಾಗಿ ಕಳಿಸುವುದು. ಆ ಕ್ಯೂ ಪದೇ ಪದೇ ಸಿಕ್ಕಿಕೊಳ್ಳುತ್ತದೆ ಎಂಬ ಕಾರಣಕ್ಕೆ ನೀವು ಈಗ ಮಾಡಹೊರಟಿರುವುದನ್ನೇ, ದಾವಣಗೆರೆಯ ಸಗಟು ಮಳಿಗೆಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದಾಗ ನಾನೂ ಮಾಡಿದ್ದೆ.

ಅಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಗ್ರಾಹಕರಿಗೆ, ಸಾಗಣೆದಾರರಿಗೆ ಮತ್ತು ನಮಗೆ ಎಂದು ಮೂರು ಪ್ರತಿಯ ಇನ್‌ವಾಯ್ಸ್ ತೆಗೆಯುತ್ತಿದ್ದೆವು. ಒಂದು ಬೆಳಿಗ್ಗೆ ಬಿಲ್ಲುಗಳೆಲ್ಲ ಕ್ಯೂನಲ್ಲೇ ನಿಂತವು. ಹಿಂದಿನ ಸಂಜೆ ಕಸ ಗುಡಿಸುವಾಗ ಕಳಚಿದ್ದ ಯುಎಸ್‌ಬಿ ಕೇಬಲನ್ನು ಯಾರೋ ಬೇರೆ ಕಿಂಡಿಗೆ ಚುಚ್ಚಿದ್ದರಿಂದ ವಿಂಡೋಸ್ ಅದೇ ಪ್ರಿಂಟರನ್ನು ‘ಕಾಪಿ 1’ ಎಂಬ ಹೆಸರಿನಲ್ಲಿ ಹೊಸದಾಗಿ ಸೇರಿಸಿಕೊಂಡಿತ್ತು. ಬಿಲ್ಲುಗಳು ಮಾತ್ರ ಹಳೆಯ ಹೆಸರಿಗೇ ಹೋಗುತ್ತಿದ್ದವು. ನಾನು ಗಡಿಬಿಡಿಯಲ್ಲಿ ಹೊಸ ಹೆಸರನ್ನು ಡಿಫಾಲ್ಟ್ ಮಾಡಿದೆ, ಜೊತೆಗೆ ಅದರ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಪ್ರಿಂಟ್ ಡೈರೆಕ್ಟ್ಲಿ ಟು ದ ಪ್ರಿಂಟರ್’ ಎಂಬುದನ್ನೂ ಆರಿಸಿದೆ. ಪ್ರಿಂಟ್ ಬಂತು. ಸರಿಪಡಿಸಿದ್ದು ಮೊದಲನೆಯ ಬದಲಾವಣೆ, ಶ್ರೇಯಸ್ಸು ಕೊಟ್ಟದ್ದು ಎರಡನೆಯದಕ್ಕೆ. ಎರಡನ್ನೂ ಒಟ್ಟಿಗೆ ಮಾಡದೆ ಒಂದಾದ ಮೇಲೆ ಒಂದು ಮಾಡಿ ನೋಡಿದ್ದರೆ ಅದು ಅಲ್ಲೇ ತಿಳಿಯುತ್ತಿತ್ತು.

ನೇರ ಮುದ್ರಣದಲ್ಲಿ ಪ್ರಿಂಟರ್ ಮುಗಿಸುವವರೆಗೂ ಬಿಲ್ಲಿಂಗ್ ತಂತ್ರಾಂಶ ಕಾದು ಕೂರಬೇಕು. ಕಾಗದ ಮುಗಿದು ಪ್ರಿಂಟರ್ ನಿಂತಾಗಲೆಲ್ಲ ಪರದೆಯೂ ಹೆಪ್ಪುಗಟ್ಟುತ್ತಿತ್ತು. ಕೌಂಟರಿನ ಹುಡುಗ ಟಾಸ್ಕ್ ಮ್ಯಾನೇಜರ್‌ನಿಂದ ತಂತ್ರಾಂಶವನ್ನೇ ಮುಚ್ಚಿ, ಅದೇ ಮಾಲಿಗೆ ಮತ್ತೊಂದು ಬಿಲ್ ಹಾಕುತ್ತಿದ್ದ. ಆದರೆ ಅರ್ಧ ಮುದ್ರಣವಾದ ಮೊದಲ ಬಿಲ್ ತನ್ನ ಸಂಖ್ಯೆಯೊಡನೆ ಆಗಲೇ ಉಳಿದುಕೊಂಡಿರುತ್ತಿತ್ತು. ಜಿಎಸ್‌ಟಿ ನಿಯಮದಂತೆ ಇನ್‌ವಾಯ್ಸ್ ಸಂಖ್ಯೆಗಳು ಅನುಕ್ರಮವಾಗಿರಬೇಕಾದ್ದರಿಂದ ಸದ್ದಿಲ್ಲದೆ ಅಳಿಸಿಹಾಕುವಂತಿಲ್ಲ. ತಿಂಗಳ ಕೊನೆಗೆ ಒಂದೇ ಮಾರಾಟ ಎರಡೆರಡು ಬಾರಿ ಲೆಕ್ಕಕ್ಕೆ ಬಂದು, ದಾಸ್ತಾನು ತಾಳೆಯಾಗದೆ, ಆಡಿಟರ್ ಮುಂದೆ ಕೈಕಟ್ಟಿ ನಿಂತೆ. ಸ್ಪೂಲಿಂಗ್ ಇದ್ದಿದ್ದರೆ ಆ ಬಿಲ್ ಡಿಸ್ಕಿನಲ್ಲಿ ಉಳಿದಿರುತ್ತಿತ್ತು, ಕಾಗದ ತುಂಬಿ ಕ್ಯೂನಲ್ಲಿ ಆ ಬಿಲ್ಲಿಗೆ ರೀಸ್ಟಾರ್ಟ್ ಕೊಟ್ಟರೆ ಸಾಕಾಗುತ್ತಿತ್ತು.

ಆದ್ದರಿಂದ ಯಾವುದು ವೇಗ ಎಂದು ಕೇಳುವುದೇ ಇಲ್ಲಿ ತಪ್ಪು ಎನ್ನುತ್ತೇನೆ. ಹೇಗೆ ಕಳುಹಿಸಿದರೂ ಪ್ರಿಂಟರ್ ತನ್ನ ವೇಗದಲ್ಲೇ ಓಡುತ್ತದೆ. ಸ್ಪೂಲಿಂಗ್ ಉಳಿಸಿಕೊಂಡು ‘ಸ್ಟಾರ್ಟ್ ಪ್ರಿಂಟಿಂಗ್ ಇಮ್ಮೀಡಿಯೆಟ್ಲಿ’ ಇಡಿ. ಕ್ಯೂ ಸಿಕ್ಕಿಕೊಂಡರೆ ಮೊದಲು ಪೋರ್ಟ್, ಅಂದರೆ ಪ್ರಿಂಟರ್ ಕೇಬಲ್ ಚುಚ್ಚಿರುವ ಕಿಂಡಿ, ನೋಡಿ. ಅದು ಸರಿಯಿದ್ದರೆ ಕ್ಯೂ ನೋಡಿಕೊಳ್ಳುವ ವಿಂಡೋಸ್‌ನ ಪ್ರಿಂಟ್ ಸ್ಪೂಲರ್ ಸೇವೆಯನ್ನು ನಿಲ್ಲಿಸಿ, ವಿಂಡೋಸ್‌ನ ಸಿಸ್ಟಮ್32 ಒಳಗಿರುವ ಸ್ಪೂಲ್ ಫೋಲ್ಡರಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ ಮತ್ತೆ ಚಾಲೂ ಮಾಡಿ. ನೇರ ಮುದ್ರಣವನ್ನು ದೋಷ ಎಲ್ಲಿದೆ ಎಂದು ಪರೀಕ್ಷಿಸಲಷ್ಟೇ ಬಳಸಬಹುದು.

2021ರ ಪ್ರಿಂಟ್‌ನೈಟ್‌ಮೇರ್ ಎಂಬ ಸ್ಪೂಲರ್ ಸೇವೆಯ ಭದ್ರತಾ ದೋಷದ ಭಯದಿಂದ ನೇರ ಮುದ್ರಣಕ್ಕೆ ಹೋಗುವವರೂ ಇದ್ದಾರೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ನೇರ ಮುದ್ರಣಕ್ಕೂ ಅದೇ ಸ್ಪೂಲರ್ ಸೇವೆ ಓಡುತ್ತಿರಲೇಬೇಕು. ಭದ್ರತಾ ಅಪ್‌ಡೇಟ್ ಹಾಕಿಕೊಳ್ಳಿ, ಪ್ರಿಂಟ್ ಅಗತ್ಯವೇ ಇಲ್ಲದ ಸರ್ವರ್‌ಗಳಲ್ಲಿ ಮಾತ್ರ ಆ ಸೇವೆಯನ್ನು ನಿಲ್ಲಿಸಿ.