ಪ್ರತಿ: ಡೀಬಗ್ ಲಾಗ್‌ನಲ್ಲಿ ಟೋಕನ್ ಕಾಣಿಸುತ್ತಿದೆ, ಏನು ಮಾಡಲಿ?

ತಪ್ಪು ಹುಡುಕಲು ಪ್ರೋಗ್ರಾಂ ಬರೆದಿಡುವ ಲಾಗ್ ಫೈಲಿನಲ್ಲಿ ಟೋಕನ್ (ಪಾಸ್‌ವರ್ಡ್ ಬದಲು ಒಳಗೆ ಬಿಡಿಸುವ ಗುಟ್ಟಿನ ಕೋಡ್) ಕಂಡಿದೆ, ಆ ಸಾಲು ಅಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಫೈಲನ್ನು ಆಗಲೇ ಇನ್ನೊಬ್ಬರಿಗೆ ಮೇಲ್ ಮಾಡಿದ್ದೀರಲ್ಲ, ಮೊದಲು ಆ ಟೋಕನ್ ರದ್ದು ಮಾಡಿ ಹೊಸದು ಪಡೆಯಿರಿ. ಉಳಿದದ್ದು ಆಮೇಲೆ.

ಇಲ್ಲಿ ಕಾಸರಗೋಡಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಆ್ಯಪ್ ಮಾಡುವಾಗ ನನ್ನದೂ ಇದೇ ಕತೆ. ಆ್ಯಪ್ ಸರ್ವರ್‌ಗೆ ಕಳಿಸುವ ರಿಕ್ವೆಸ್ಟ್ ಪೂರ್ತಿ ಲಾಗ್ ಮಾಡಿಸಿದ್ದೆ, ಗುಟ್ಟು ಹೊತ್ತು ಹೋಗುವ ಆಥರೈಸೇಶನ್ ಹೆಡರ್ ಕೂಡ ಬಂದು ಕೂತಿತ್ತು. 'ಪಾಸ್‌ವರ್ಡ್' ಅನ್ನುವ ಹೆಸರು ಕಂಡಲ್ಲಿ ನಕ್ಷತ್ರ ಹಾಕುವ ಫಿಲ್ಟರ್ ಬರೆದೆ. ಆಮೇಲೆ ನೋಡಿದರೆ ಇನ್ನೊಂದು ಕಡೆ ಅದೇ ಗುಟ್ಟು 'ಪಿಡಬ್ಲ್ಯುಡಿ' ಅನ್ನುವ ಹೆಸರಲ್ಲಿತ್ತು (ಪಾಸ್‌ವರ್ಡ್‌ನ ಗಿಡ್ಡ ರೂಪ, ರಸ್ತೆ ಇಲಾಖೆಯಲ್ಲ!).

ಅದಕ್ಕೇ ಉಲ್ಟಾ ಮಾಡಿ. ಮುಚ್ಚಬೇಕಾದ್ದರ ಪಟ್ಟಿ ಬೇಡ, ಬರೆಯಬಹುದಾದ್ದರ ಪಟ್ಟಿ ಇಡಿ: ಗೆಟ್ ಅಥವಾ ಪೋಸ್ಟ್ (ರಿಕ್ವೆಸ್ಟ್‌ನ ಬಗೆ), ಪಾತ್ (ಯಾವ ಪುಟ ಕೇಳಿದ್ದು), ಸ್ಟೇಟಸ್ ಕೋಡ್ (ಕೆಲಸ ಆಯಿತೋ ಇಲ್ಲವೋ ಹೇಳುವ ಸಂಖ್ಯೆ), ಹಿಡಿದ ಸಮಯ. ಇಷ್ಟಿದ್ದರೆ ಬಹುತೇಕ ತೊಂದರೆಗಳು ಪತ್ತೆಯಾಗುತ್ತವೆ. ಟೋಕನ್ ಯುಆರ್‌ಎಲ್‌ನಲ್ಲಂತೂ ಬೇಡವೇ ಬೇಡ. ನೀವು ಸುಮ್ನಿದ್ದರೂ ವೆಬ್ ಸರ್ವರ್ ಅದನ್ನು ತನ್ನ ಆಕ್ಸೆಸ್ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ.

ನಾಚಿಕೆಪಡಬೇಡಿ. 2018ರಲ್ಲಿ ಟ್ವಿಟರ್‌ನ ಒಳಗಿನ ಲಾಗ್‌ನಲ್ಲೇ ಪಾಸ್‌ವರ್ಡ್‌ಗಳು ಬಯಲಾಗಿಯೇ ಉಳಿದಿದ್ದವು.

ಸರಿಪಡಿಸಿದ ಮೇಲೆ 'ಹಲಸಿನಹಪ್ಪಳ77' ಥರದ ವಿಚಿತ್ರ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ. ಒಮ್ಮೆ ಬೇಕಂತಲೇ ತಪ್ಪಾಗಿಯೂ ಹಾಕಿ, ಎರರ್ ಬಂದಾಗಲೇ ಸೋರುವುದು ಜಾಸ್ತಿ. ಆಮೇಲೆ ಎಲ್ಲ ಲಾಗ್‌ಗಳಲ್ಲೂ ಆ ಪದ ಹುಡುಕಿ.