ಲಾಯವನ್ನೆಲ್ಲ ಗಲೀಜು ಮಾಡುವ ಕುದುರೆಗೆ ಯಾವ ಹಾಸು ಒಳ್ಳೆಯದು?

ಬೆಳಿಗ್ಗೆ ನೋಡಿದರೆ ಲದ್ದಿಯೆಲ್ಲ ಪುಡಿಯಾಗಿ ಹಾಸಿನಲ್ಲಿ ಕಲಸಿಹೋಗಿರುತ್ತದೆ ಅಂದಿರಿ. ಹಾಗಾದರೆ ಕುದುರೆ ರಾತ್ರಿಯೆಲ್ಲ ಒಳಗೇ ಸುತ್ತು ಹಾಕುತ್ತಿರಬೇಕು. ಹಾಸು ಬದಲಿಸುವ ಮೊದಲು ಹಗಲಲ್ಲಿ ಜಾಸ್ತಿ ಹೊತ್ತು ಹೊರಗೆ ಬಿಡಿ, ರಾತ್ರಿಯ ಒಣಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿ. ಬಾಯಿಗೆ ಕೆಲಸವಿದ್ದರೆ ತಿರುಗಾಟ ಕಮ್ಮಿಯಾಗುತ್ತದೆ.

ಭತ್ತದ ಹುಲ್ಲು ನಮ್ಮ ಕಡೆ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಇಂಥ ಕುದುರೆಗೆ ನಾನು ಹೇಳಲ್ಲ: ಅದು ಉಚ್ಚೆ ಹೀರುವುದು ಕಮ್ಮಿ, ಲದ್ದಿ ಬೇರೆ ಮಾಡುವುದು ಕಷ್ಟ, ಹಾಸನ್ನೇ ಮೇಯುವ ಚಾಳಿ ಇದ್ದರೆ ಕರುಳು ಕಟ್ಟಿಕೊಂಡು ಹೊಟ್ಟೆನೋವು ಬರಬಹುದು. ರಬ್ಬರ್ ಮ್ಯಾಟ್ ಹಾಕಿ, ಮೇಲೆ ಮರ ಕೀಸಿದ ಹೊಟ್ಟನ್ನು 4-6 ಇಂಚು ಹರಡಿ. ದೂಳು ಇರಬಾರದು. ಯಾವ ಮರದ್ದು ಅಂತ ಕೇಳಿಯೇ ತನ್ನಿ. ಕಪ್ಪು ವಾಲ್‌ನಟ್ ಮರದ ಹೊಟ್ಟು ತಗುಲಿದರೇ ಸಾಕು, ಗೊರಸಿನೊಳಗೆ ಉರಿಯೂತ ಬರುತ್ತದೆ. ಉಳಿತಾಯ ಅಂತ ಹಾಸು ತೆಳುವಾಗಿಸಬೇಡಿ, ತೆಳುವಾದಷ್ಟೂ ಬೇಗ ಕಲಸಿಹೋಗುತ್ತದೆ.

ದೊಡ್ಡ ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ, ಅಷ್ಟನ್ನೂ ತುಳಿಯಲು ಬಿಟ್ಟು ಬೆಳಿಗ್ಗೆ ಹುಡುಕುವುದು ಯಾರಿಗೆ ಬೇಕು? ರಾತ್ರಿ ನೀವು ಮಲಗುವ ಮುಂಚೆ ಒಂದು ಸಲ ಎತ್ತಿಬಿಡಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಒದ್ದೆ ಜಾಗವನ್ನು ಮಾತ್ರ ದಿನಾ ತೆಗೆಯಲೇಬೇಕು. ಕೂತು ಮೂಗು ನೆಲದ ಹತ್ತಿರ ತನ್ನಿ, ಅಮೋನಿಯಾ ಘಾಟು ಬಂದರೆ ಕುದುರೆಯ ಶ್ವಾಸಕೋಶಕ್ಕೂ ಅದೇ ಹೋಗುತ್ತಿದೆ ಅಂತ ಅರ್ಥ. ಘಾಟು ಹೋಗಲಿ ಅಂತ ಸುಟ್ಟ ಸುಣ್ಣ ಎರಚಬೇಡಿ, ಚರ್ಮ ಸುಡುತ್ತದೆ.

ಇದ್ದಕ್ಕಿದ್ದ ಹಾಗೆ ಉಚ್ಚೆ ಜಾಸ್ತಿಯಾಗಿದ್ದರೆ ಮಾತ್ರ ಹಾಸಿನ ಯೋಚನೆ ಬಿಟ್ಟು ಪಶುವೈದ್ಯರನ್ನು ಕರೆಸಿ.